ಶ್ರೀ ಗುರುರಾಯರ ಪೂರ್ವಾಶ್ರಮದ ಮನೆತನ ಮತ್ತು ಜೀವನ

ಶ್ರಾದ್ಧದ ದಿನ ತಂದೆ, ತಾತ, ಮುತ್ತಾತ ಎಂದು ಮೂರು ತಲೆಗಳ ಹೆಸರನ್ನು ಹೇಳಿ ಪಿಂಡವಿಡುವುದು ಶಾಸ್ತ್ರ. ಅದಕ್ಕಿಂತ ಹಿಂದಿನವರ ಹೆಸರು ಕೇಳಿದರೆ ಹೆಚ್ಚಿನ ಮನೆಗಳಲ್ಲಿ ಉತ್ತರವಿರುವುದಿಲ್ಲ. ಯಾರೋ ಒಬ್ಬರು ಕಾಶಿಗೋ ಗಯೆಗೋ ಹೋದಾಗ ಅಲ್ಲಿನ ಪಂಡರ ಬಹಿಯಲ್ಲಿ ಹಿಂದಿನವರ ಹೆಸರು ಕಂಡು ಅಚ್ಚರಿಪಡುವುದುಂಟು. ಅಟ್ಟದ ಮೇಲಿನ ಹಳೆಯ ಪೆಟ್ಟಿಗೆಯಲ್ಲಿ ಇನಾಮು ಸನದು ಸಿಕ್ಕಿ, ಅದರ ಮೂಲಕ ತಮ್ಮ ಹಿರಿಯರಲ್ಲಿ ಒಬ್ಬರು ಆಸ್ಥಾನ ವಿದ್ವಾಂಸರಾಗಿದ್ದರೆಂದು ತಿಳಿಯುವುದೂ ಉಂಟು. ಹಾಗೆ ಹುಡುಕುವಾಗ ಒಳ್ಳೆಯವರ ಜೊತೆಗೆ ಕೆಟ್ಟ ಹೆಸರು ಪಡೆದವರೂ ಸಿಗುತ್ತಾರೆ. ಒಂದು ಮನೆತನವೆಂದ ಮೇಲೆ ಎರಡೂ ಇರುವುದು ಸಹಜ.

ಆದವಾನಿ ಸೀಮೆಯ ಆಸ್ತಿಕ ಬಂಧುಗಳಿಗೆ ಮಂಚಾಲೆಯ ಶ್ರೀ ರಾಘವೇಂದ್ರ ಸ್ವಾಮಿಗಳ ಮಹಿಮೆಯನ್ನು ಹೊಸದಾಗಿ ಹೇಳಬೇಕಾಗಿಲ್ಲ. ಗುರುವಾರ ರಾಯರ ದರ್ಶನ ಮಾಡದೆ, ಮೃತ್ತಿಕೆ ಧರಿಸದೆ ಊಟ ಮಾಡದ ಮನೆಗಳು ಈ ಸೀಮೆಯಲ್ಲಿ ಎಷ್ಟೋ ಇವೆ. ಆದರೆ ರಾಯರು ಯತಿಗಳಾಗುವ ಮೊದಲು ಯಾರ ಮಗ, ಯಾರ ತಮ್ಮ, ಯಾರ ಪತಿ, ಯಾರ ತಂದೆ ಎಂಬುದು ಅನೇಕರಿಗೆ ಪೂರ್ತಿ ತಿಳಿದಿಲ್ಲ. ಸನ್ಯಾಸಿಗೆ ಕುಲವಿಲ್ಲ, ಬಂಧುಗಳಿಲ್ಲ ಎಂಬುದು ನಿಜ. ಆದರೂ ಆ ಮಹಾನುಭಾವರನ್ನು ಹೆತ್ತು, ಸಾಕಿ, ಓದಿಸಿ, ಕೊನೆಗೆ ಲೋಕಕ್ಕೆ ಬಿಟ್ಟುಕೊಟ್ಟ ಮನೆತನವನ್ನು ನೆನೆಯುವುದು ಭಕ್ತರ ಕರ್ತವ್ಯ.

ಈ ವಿವರಗಳು ಇಂದು ದೊರೆಯುತ್ತಿರುವುದು ಮುಖ್ಯವಾಗಿ ಒಬ್ಬರ ಶ್ರಮದಿಂದ. ಅವರು ರಾಯರ ಅಕ್ಕ ವೆಂಕಟಾಂಬೆಯವರ ಮಗ ನಾರಾಯಣಾಚಾರ್ಯರು. ಸೋದರಮಾವನ ಜೀವನವನ್ನು ಅವರು ‘ರಾಘವೇಂದ್ರ ವಿಜಯ’ವೆಂಬ ಸಂಸ್ಕೃತ ಕಾವ್ಯವಾಗಿ ಬರೆದರು. ಮಾವನ ಮಹಿಮೆಯನ್ನಷ್ಟೇ ಹೇಳದೆ ಅವರ ಮುತ್ತಾತನಿಂದ ಆರಂಭಿಸಿ ವಂಶವನ್ನು ಕ್ರಮವಾಗಿ ದಾಖಲಿಸಿದರು. ಮನೆಯವರೊಬ್ಬರು ಕುಳಿತು ಬರೆದಿಟ್ಟುದರಿಂದ ನಾನೂರು ವರ್ಷಗಳ ನಂತರವೂ ಆ ಹೆಸರುಗಳು ಉಳಿದಿವೆ.

ವೀಣೆಯ ಮನೆತನ

ರಾಯರ ಪೂರ್ವಾಶ್ರಮದ ಮನೆತನ ಬೀಗಮುದ್ರೆಯವರದು, ಗೌತಮ ಗೋತ್ರ. ಮುತ್ತಾತ ಕೃಷ್ಣಭಟ್ಟರು ವಿಜಯನಗರದಲ್ಲಿ ಪ್ರಸಿದ್ಧ ವಿದ್ವಾಂಸರು, ವೀಣೆಯಲ್ಲಿ ನಿಪುಣರು. 1509ರಿಂದ 1529ರವರೆಗೆ ಆಳಿದ ಶ್ರೀಕೃಷ್ಣದೇವರಾಯನಿಗೆ ವೀಣೆ ಕಲಿಸಿ ರಾಜಸನ್ಮಾನ ಪಡೆದವರು ಅವರೇ. ಅವರ ಮಗ ಕನಕಾಚಲ ಭಟ್ಟರು, ಅವರ ಮಗ ತಿಮ್ಮಣ್ಣ ಭಟ್ಟರು. ಶಾಸ್ತ್ರವೂ ಸಂಗೀತವೂ ಈ ಮನೆಯಲ್ಲಿ ತಂದೆಯಿಂದ ಮಗನಿಗೆ ಇಳಿದು ಬಂದ ಆಸ್ತಿ.

ಇಲ್ಲಿ ಭಕ್ತರು ಗಮನಿಸಬೇಕಾದ ಒಂದು ಸಂಗತಿ ಇದೆ. ಪ್ರಹ್ಲಾದರಾಜರೇ ಬಾಹ್ಲೀಕರಾಗಿ, ಮುಂದೆ ವ್ಯಾಸರಾಜರಾಗಿ, ಆಮೇಲೆ ರಾಘವೇಂದ್ರರಾಗಿ ಅವತರಿಸಿದರೆಂಬುದು ಸಂಪ್ರದಾಯದ ನಂಬಿಕೆ. ವ್ಯಾಸರಾಜರು ಕೃಷ್ಣದೇವರಾಯನಿಂದ ಗುರುವೆಂದು ಪೂಜಿತರಾಗಿ, 1539ರಲ್ಲಿ ಆನೆಗೊಂದಿಯ ನವವೃಂದಾವನ ಸೇರಿದವರು. ಅದೇ ಅರಸನ ಆಸ್ಥಾನದಲ್ಲಿ ರಾಯರ ಮುತ್ತಾತ ವೀಣಾಗುರು. ಹೀಗೆ ನಂಬಿಕೆಯ ದಾರಿ ಹಿಡಿದು ಹಿಂದೆ ಹೋದರೂ ಹಂಪೆಗೇ ಬರುತ್ತೇವೆ, ರಕ್ತಸಂಬಂಧದ ದಾರಿ ಹಿಡಿದು ಹೋದರೂ ಹಂಪೆಗೇ ಬರುತ್ತೇವೆ. ತುಂಗಭದ್ರೆಯ ಒಂದೇ ದಡದಲ್ಲಿ ಎರಡು ಬೇರುಗಳು ಕೂಡಿದ್ದು ಭಗವತ್ಸಂಕಲ್ಪವೆಂದೇ ಭಕ್ತರು ತಿಳಿಯುತ್ತಾರೆ.

ನಂಬಿಕೆಯ ದಾರಿಯಲ್ಲಿ ಇನ್ನೂ ಹಿಂದೆ ಹೋದರೆ ಸಿಗುವವನು ಪ್ರಹ್ಲಾದನ ತಂದೆ ಹಿರಣ್ಯಕಶಿಪು. ದೇವರ ಹೆಸರು ಹೇಳಿದ ಸ್ವಂತ ಮಗನನ್ನೇ ಕೊಲ್ಲಲು ಹೊರಟವನು. ಅವನ ಮನೆಯಲ್ಲಿ ಹುಟ್ಟಿದ ಮಗು ಭಕ್ತಾಗ್ರೇಸರನಾಯಿತು. ಹಿರಿಯರಲ್ಲಿ ದುಷ್ಟನೊಬ್ಬ ಇದ್ದನೆಂದು ತಿಳಿದು ತಲೆತಗ್ಗಿಸುವವರಿಗೆ ಪ್ರಹ್ಲಾದ ಚರಿತ್ರೆಗಿಂತ ದೊಡ್ಡ ಸಮಾಧಾನ ಬೇರೆ ಬೇಕಿಲ್ಲ.

1565ರಲ್ಲಿ ರಕ್ಕಸತಂಗಡಿಯ ಯುದ್ಧವಾಗಿ ವಿಜಯನಗರ ಹಾಳಾಯಿತು. ಅರಸರ ಆಶ್ರಯದಲ್ಲಿದ್ದ ವಿದ್ವಾಂಸರು, ಕಲಾವಿದರು ದಿಕ್ಕಾಪಾಲಾದರು. ಕನ್ನಡ ಮನೆಮಾತಿನ ಎಷ್ಟೋ ಕುಟುಂಬಗಳು ಆಗ ತೆಂಕಣ ತಮಿಳು ಸೀಮೆಗೆ ಹೋಗಿ ನೆಲೆಸಿದವು. ತಿಮ್ಮಣ್ಣ ಭಟ್ಟರೂ ಪತ್ನಿ ಗೋಪಿಕಾಂಬೆಯವರೊಡನೆ ಹಾಗೆ ಹೋದವರು. ಕೊನೆಗೆ ಚಿದಂಬರದ ಹತ್ತಿರದ ಭುವನಗಿರಿಯಲ್ಲಿ ನಿಂತರು. ಅವರಿಗೆ ಗುರುರಾಜನೆಂಬ ಗಂಡುಮಗುವೂ ವೆಂಕಟಾಂಬೆಯೆಂಬ ಹೆಣ್ಣುಮಗುವೂ ಆದ ಮೇಲೆ, ತಿರುಪತಿ ವೆಂಕಟರಮಣನ ಸೇವೆ ಮಾಡಿ ಪಡೆದ ಮೂರನೆಯ ಮಗುವೇ ವೆಂಕಟನಾಥ. ಕಾಲ ಸುಮಾರು 1595, ಫಾಲ್ಗುಣ ಶುದ್ಧ ಸಪ್ತಮಿ. ಈ ತಿಥಿಯಂದೇ ಇಂದಿಗೂ ರಾಯರ ವರ್ಧಂತಿ ನಡೆಯುತ್ತದೆ.

ಅಕ್ಕ ಭಾವಂದಿರ ಋಣ

ವೆಂಕಟನಾಥ ಚಿಕ್ಕವನಿರುವಾಗಲೇ ತಂದೆ ತೀರಿಕೊಂಡರು. ಮನೆಯ ಭಾರ ಅಣ್ಣ ಗುರುರಾಜರ ಮೇಲೆ ಬಿತ್ತು. ತಮ್ಮನ ಉಪನಯನವನ್ನು ಅಣ್ಣನೇ ನಡೆಸಿದರು. ಅಕ್ಕ ವೆಂಕಟಾಂಬೆಯನ್ನು ಮಧುರೆಯ ಲಕ್ಷ್ಮೀನರಸಿಂಹಾಚಾರ್ಯರಿಗೆ ಕೊಟ್ಟಿತ್ತು. ಭಾವ ದೊಡ್ಡ ವಿದ್ವಾಂಸರು. ಅವರು ಹುಡುಗನನ್ನು ಮಧುರೆಗೆ ಕರೆಸಿಕೊಂಡು ತಮ್ಮ ಮನೆಯಲ್ಲೇ ಇಟ್ಟುಕೊಂಡು ವೇದ, ಕಾವ್ಯ, ವ್ಯಾಕರಣಗಳನ್ನು ಓದಿಸಿದರು. ತಂದೆಯಿಲ್ಲದ ಹುಡುಗನಿಗೆ ಅಕ್ಕನ ಮನೆಯ ಅನ್ನ, ಭಾವನ ಪಾಠ ಎರಡೂ ದೊರೆತವು. ಆ ಕಾಲದಲ್ಲಿ ಆ ಒಂದು ಮನೆ ಕೈಬಿಟ್ಟಿದ್ದರೆ ಮುಂದಿನ ಕಥೆ ಏನಾಗುತ್ತಿತ್ತೋ ದೇವರೇ ಬಲ್ಲ.

ಓದು ಮುಗಿಸಿ ಬಂದ ಮೇಲೆ ಸರಸ್ವತಿಯೆಂಬ ಕನ್ಯೆಯೊಡನೆ ವಿವಾಹವಾಯಿತು. ನಂತರ ವೆಂಕಟನಾಥರು ಕುಂಭಕೋಣಕ್ಕೆ ಹೋಗಿ ಅಲ್ಲಿನ ಮಠದ ಪೀಠಾಧಿಪತಿಗಳಾದ ಶ್ರೀ ಸುಧೀಂದ್ರತೀರ್ಥರಲ್ಲಿ ಹೆಚ್ಚಿನ ವ್ಯಾಸಂಗಕ್ಕೆ ನಿಂತರು. ಹಗಲು ಪಾಠ ಕೇಳಿ, ರಾತ್ರಿ ತರಗೆಲೆಗಳನ್ನು ಉರಿಸಿದ ಬೆಳಕಿನಲ್ಲಿ ಟಿಪ್ಪಣಿ ಬರೆಯುತ್ತಿದ್ದರಂತೆ. ಒಮ್ಮೆ ನಡುರಾತ್ರಿ ಗುರುಗಳು ಬಂದು ನೋಡಲಾಗಿ, ಶಿಷ್ಯ ಬರೆದು ದಣಿದು ಬರಿನೆಲದ ಮೇಲೆ ನಿದ್ರಿಸಿದ್ದ. ಬರೆದ ಓಲೆಗಳನ್ನು ಓದಿ ಸಂತೋಷಪಟ್ಟ ಗುರುಗಳು ತಾವು ಹೊದ್ದ ಶಾಲನ್ನು ಅವನಿಗೆ ಹೊದಿಸಿ ಹೋದರೆಂದು ಹಿರಿಯರು ಹೇಳುತ್ತಾರೆ.

ವಿದ್ಯೆ ಇತ್ತು, ಬಿರುದೂ ಬಂತು. ಆದರೆ ಮನೆಯಲ್ಲಿ ಕಾಳಿಲ್ಲ. ವಿದ್ಯೆಯನ್ನು ಮಾರಬಾರದೆಂಬ ನಿಷ್ಠೆಯಿಂದ ವೆಂಕಟನಾಥರು ಪಾಠಕ್ಕೆ ದಕ್ಷಿಣೆ ಕೇಳುತ್ತಿರಲಿಲ್ಲ. ಮಗ ಲಕ್ಷ್ಮೀನಾರಾಯಣ ಹುಟ್ಟಿದ ಮೇಲೆ ಕಷ್ಟ ಇನ್ನೂ ಹೆಚ್ಚಿತು. ಏಕಾದಶಿಯಲ್ಲದ ದಿನಗಳಲ್ಲೂ ಉಪವಾಸ, ಹರಿದ ಬಟ್ಟೆ, ಸೋರುವ ಮನೆ. ಸರಸ್ವತಿಯವರು ದೂರದೆ ಸಂಸಾರ ತೂಗಿಸಿದರು. ಒಂದು ಸಮಾರಾಧನೆಯ ಮನೆಗೆ ಈ ದಂಪತಿಗಳು ಹೋದಾಗ, ಬಡವರೆಂದು ತಾತ್ಸಾರ ಮಾಡಿ ವೆಂಕಟನಾಥರಿಗೆ ಗಂಧ ತೇಯುವ ಕೆಲಸ ಹೇಳಿದರಂತೆ. ಅವರು ಅಗ್ನಿಸೂಕ್ತ ಪಠಿಸುತ್ತಾ ತೇದ ಗಂಧವನ್ನು ಹಚ್ಚಿಕೊಂಡ ಬ್ರಾಹ್ಮಣರಿಗೆಲ್ಲಾ ಮೈಯುರಿ ಹತ್ತಿತಂತೆ. ಮನೆಯೊಡೆಯ ತಪ್ಪು ತಿಳಿದು ಕ್ಷಮೆ ಬೇಡಲು, ವರುಣಸೂಕ್ತ ಪಠಿಸಿ ಉರಿಯನ್ನು ಶಾಂತಗೊಳಿಸಿದರಂತೆ. ಹಸಿದವನನ್ನು ಊಟಕ್ಕೆ ಕರೆದು ಹೀನಾಯ ಮಾಡಬಾರದೆಂಬ ಬುದ್ಧಿ ಈ ಕಥೆಯಲ್ಲಿದೆ. ಅನ್ನಸಂತರ್ಪಣೆ ನಡೆಸುವ ಪ್ರತಿಯೊಬ್ಬರೂ ಇದನ್ನು ನೆನಪಿಡಬೇಕು.

ಸಂಸಾರವೋ ಪೀಠವೋ

ಸುಧೀಂದ್ರತೀರ್ಥರಿಗೆ ವಯಸ್ಸಾಗಿ, ತಮ್ಮ ನಂತರ ಪೀಠಕ್ಕೆ ವೆಂಕಟನಾಥರೇ ತಕ್ಕವರೆಂದು ತೋರಿತು. ಆದರೆ ವೆಂಕಟನಾಥರು ಒಪ್ಪಲಿಲ್ಲ. ಹೆಂಡತಿ ಚಿಕ್ಕವಳು, ಮಗ ಬಾಲಕ, ಉಪನಯನವೂ ಆಗಿಲ್ಲ. ಇವರನ್ನು ನಡುನೀರಿನಲ್ಲಿ ಬಿಟ್ಟು ಕಾವಿ ಉಡುವುದು ಹೇಗೆ ಎಂದು ಅವರ ಮನಸ್ಸು ತೊಳಲಾಡಿತು. ಗುರುವಾಕ್ಯವನ್ನು ಒಂದು ಮಾತಿಗೆ ತಲೆಬಾಗಿ ಒಪ್ಪಿಬಿಟ್ಟವರ ಕಥೆ ಇದಲ್ಲ. ಅವರು ಹಿಂಜರಿದರು, ಅತ್ತ ಇತ್ತ ನೋಡಿದರು. ಹೆಂಡತಿ ಮಕ್ಕಳ ಮೇಲಿನ ಅವರ ಪ್ರೀತಿ ಸಣ್ಣದಲ್ಲ. ಕೊನೆಗೆ ವಿದ್ಯಾದೇವತೆಯೇ ಸ್ವಪ್ನದಲ್ಲಿ ದರ್ಶನವಿತ್ತು, ಇದು ದೈವಸಂಕಲ್ಪವೆಂದು ತಿಳಿಸಿದ ಮೇಲೆ ಒಪ್ಪಿದರೆಂದು ಸಂಪ್ರದಾಯ ಹೇಳುತ್ತದೆ. ಮಗನ ಉಪನಯನವನ್ನು ಮುಗಿಸಿಯೇ ಅವರು ಹೊರಟರು.

ಮಠದ ಪರಂಪರೆಯ ಲೆಕ್ಕದಂತೆ 1621ರಲ್ಲಿ, ದುರ್ಮತಿ ಸಂವತ್ಸರದ ಫಾಲ್ಗುಣ ಶುದ್ಧ ಬಿದಿಗೆಯಂದು ತಂಜಾವೂರಿನಲ್ಲಿ ಪಟ್ಟಾಭಿಷೇಕವಾಯಿತು. ಆಗ ತಂಜಾವೂರನ್ನು ಆಳುತ್ತಿದ್ದವನು ರಘುನಾಥ ನಾಯಕ. ವೆಂಕಟನಾಥರು ಅಂದಿನಿಂದ ಶ್ರೀ ರಾಘವೇಂದ್ರತೀರ್ಥರಾದರು.

ಸುದ್ದಿ ಮನೆಗೆ ಮುಟ್ಟಿತು. ಪತಿಯ ಮುಖವನ್ನು ಕೊನೆಯ ಸಲ ನೋಡಬೇಕೆಂದು ಸರಸ್ವತಿಯವರು ಓಡಿ ಹೊರಟು, ದುಃಖ ತಡೆಯಲಾರದೆ ದಾರಿಯ ಬಾವಿಯಲ್ಲಿ ಪ್ರಾಣ ಬಿಟ್ಟರೆಂದು ಹೇಳುತ್ತಾರೆ. ಅಪಮೃತ್ಯುವಿನಿಂದ ಪಿಶಾಚರೂಪ ಹೊಂದಿ ಪಟ್ಟಾಭಿಷೇಕದ ಸ್ಥಳಕ್ಕೇ ಬಂದ ಆ ಜೀವವನ್ನು ರಾಯರು ತಿಳಿದು, ಕಮಂಡಲುವಿನ ತೀರ್ಥವನ್ನು ಪ್ರೋಕ್ಷಿಸಿ ಸದ್ಗತಿ ಕೊಟ್ಟರೆಂಬುದು ಭಕ್ತರ ನಂಬಿಕೆ. ರಾಯರ ಚರಿತ್ರೆ ಹೇಳುವವರು ಈ ಘಟ್ಟವನ್ನು ಬೇಗ ಬೇಗನೆ ದಾಟಿಬಿಡುತ್ತಾರೆ. ದಾಟಬಾರದು. ಇಂದು ಲಕ್ಷಾಂತರ ಸಂಸಾರಗಳು ರಾಯರ ಬೃಂದಾವನದ ಮುಂದೆ ನಿಂತು ಮಕ್ಕಳನ್ನು, ಮಾಂಗಲ್ಯವನ್ನು ಬೇಡುತ್ತಿವೆ. ಅದಕ್ಕೆ ಒಂದು ಸಂಸಾರ ತನ್ನ ಸರ್ವಸ್ವವನ್ನೂ ತೆತ್ತಿದೆ. ಬಡತನದಲ್ಲಿ ಜೊತೆ ನಿಂತ ಆ ಮಹಾಸಾಧ್ವಿಗೂ ಬಾಲಕ ಲಕ್ಷ್ಮೀನಾರಾಯಣನಿಗೂ ಭಕ್ತರ ನಮಸ್ಕಾರದಲ್ಲಿ ಪಾಲಿದೆ.

ಗ್ರಂಥಗಳು ಮತ್ತು ಸಂಚಾರ

ಪೀಠವೇರಿದ ರಾಯರು ಸುಮಾರು 50 ವರ್ಷ ವೇದಾಂತ ಸಾಮ್ರಾಜ್ಯವನ್ನು ಆಳಿದರು. ರಾಮೇಶ್ವರ, ಉಡುಪಿ, ಪಂಢರಪುರ ಮೊದಲಾದ ಕ್ಷೇತ್ರಗಳಿಗೆ ಸಂಚರಿಸಿ ಪಾಠ ಪ್ರವಚನ ನಡೆಸಿದರು. ಶ್ರೀ ಜಯತೀರ್ಥರ ‘ನ್ಯಾಯಸುಧಾ’ ಗ್ರಂಥಕ್ಕೆ ಅವರು ಬರೆದ ‘ಪರಿಮಳ’ವೆಂಬ ವ್ಯಾಖ್ಯಾನದಿಂದ ಅವರಿಗೆ ಪರಿಮಳಾಚಾರ್ಯರೆಂಬ ಹೆಸರೇ ಬಂತು. ‘ತಂತ್ರದೀಪಿಕಾ’, ‘ನ್ಯಾಯಮುಕ್ತಾವಳಿ’, ‘ಭಾಟ್ಟಸಂಗ್ರಹ’, ಗೀತಾವಿವೃತಿ, ಉಪನಿಷತ್ತುಗಳ ಖಂಡಾರ್ಥ, ಋಗ್ವೇದದ ಮೊದಲ 40 ಸೂಕ್ತಗಳ ಮೇಲಿನ ‘ಮಂತ್ರಾರ್ಥಮಂಜರಿ’ ಇವೆಲ್ಲ ಅವರ ಕೃತಿಗಳು. ಪವಾಡಗಳ ನಡುವೆ ಈ ವಿದ್ವತ್ತು ಮರೆಯಾಗಬಾರದು. ಎಳೆಯ ವಯಸ್ಸಿನಲ್ಲಿ ತರಗೆಲೆಯ ಬೆಳಕಿನಲ್ಲಿ ಬರೆದ ಕೈ ಕೊನೆಯವರೆಗೂ ಬರೆಯುತ್ತಲೇ ಇತ್ತು. ಮುತ್ತಾತನ ವೀಣೆಯೂ ಅವರಿಗೆ ಒಲಿದಿತ್ತು. ಕನ್ನಡದಲ್ಲಿ ಹಾಡಿದ ದೇವರನಾಮವೊಂದು ಧೀರ ವೇಣುಗೋಪಾಲ ಅಂಕಿತದಲ್ಲಿ ಇಂದಿಗೂ ಭಜನೆಗಳಲ್ಲಿ ಕೇಳಿಬರುತ್ತದೆ. ತಮಿಳು ಸೀಮೆಗೆ ಹೋದರೂ ಮನೆಮಾತು ಬಿಟ್ಟುಹೋಗಲಿಲ್ಲ.

ಆದವಾನಿಯ ನಂಟು

ತುಂಗಭದ್ರೆಯ ತೀರದಲ್ಲಿ ಸಂಚರಿಸುವಾಗ ತಂದೆ ತಾಯಿಯಿಲ್ಲದೆ, ಬಂಧುಗಳ ಮನೆಯಲ್ಲಿ ದನ ಕಾಯ್ದುಕೊಂಡಿದ್ದ ವೆಂಕಣ್ಣನೆಂಬ ಹುಡುಗ ರಾಯರಿಗೆ ಸಿಕ್ಕ. ಅಕ್ಷರ ಕಲಿತವನಲ್ಲ. ಕಷ್ಟ ಬಂದಾಗ ನೆನೆಯೆಂದು ರಾಯರು ಅವನನ್ನು ಹರಸಿದರು. ಮುಂದೊಂದು ದಿನ ಆದವಾನಿಯ ನವಾಬ ಆ ದಾರಿಯಲ್ಲಿ ಬಂದು, ಕೈಗೆ ಬಂದ ಪತ್ರವೊಂದನ್ನು ಓದೆಂದು ವೆಂಕಣ್ಣನನ್ನು ಗದರಿಸಿದ. ಗುರುಗಳನ್ನು ನೆನೆದು ಹುಡುಗ ಸರಾಗವಾಗಿ ಓದಿಬಿಟ್ಟನಂತೆ. ಒಳ್ಳೆಯ ಸುದ್ದಿ ಕೇಳಿ ಸಂತೋಷಗೊಂಡ ನವಾಬ ಅವನನ್ನು ಕರೆದೊಯ್ದು, ಕಾಲಕ್ರಮದಲ್ಲಿ ದಿವಾನನನ್ನಾಗಿ ಮಾಡಿದ. ತಂದೆಯಿಲ್ಲದೆ ಅಕ್ಕನ ಮನೆಯಲ್ಲಿ ಬೆಳೆದ ಗುರುಗಳಿಗೆ ಈ ಅನಾಥ ಹುಡುಗನ ಮೇಲೆ ಅಷ್ಟು ಕರುಣೆ ಬಂದುದರಲ್ಲಿ ಆಶ್ಚರ್ಯವಿಲ್ಲ.

ಆ ನವಾಬ ಬಿಜಾಪುರದ ಆದಿಲಶಾಹಿಗಳ ಕಡೆಯಿಂದ ಆದವಾನಿಯನ್ನು ಆಳಿದ ಸಿದ್ದಿ ಮಸೂದ್ ಖಾನ್. ಆದವಾನಿಯ ಜಾಮಿಯಾ ಮಸೀದಿಯನ್ನು ಕಟ್ಟಿಸಿದವನೂ, ಮುಂದೆ ಬಿಜಾಪುರದ ಬಾಲಕ ಸುಲ್ತಾನನ ಪರವಾಗಿ ಕೆಲವು ಕಾಲ ರಾಜ್ಯಭಾರ ನಡೆಸಿದವನೂ ಅವನೇ. ರಾಯರನ್ನು ಪರೀಕ್ಷಿಸಬೇಕೆಂದು ಮುಚ್ಚಿದ ತಟ್ಟೆಯಲ್ಲಿ ಮಾಂಸ ಇಟ್ಟು ತಂದನೆಂದೂ, ತೀರ್ಥ ಪ್ರೋಕ್ಷಿಸಿ ಬಟ್ಟೆ ಸರಿಸಿದಾಗ ಹಣ್ಣು ಹೂವು ಕಂಡವೆಂದೂ ಹೇಳುತ್ತಾರೆ. ಪಶ್ಚಾತ್ತಾಪಪಟ್ಟ ನವಾಬ ಬೇಕಾದ ಊರನ್ನು ಕೇಳಿರೆಂದಾಗ ರಾಯರು ಕೇಳಿದ್ದು ಮಂಚಾಲೆ. ಅದು ಕಲ್ಲು ಬೆಂಗಾಡಿನ ಹಳ್ಳಿ. ಫಲವತ್ತಾದ ಊರುಗಳನ್ನು ಕೊಡುತ್ತೇನೆಂದರೂ ಅವರು ಒಪ್ಪಲಿಲ್ಲ. ಹಿಂದೆ ಪ್ರಹ್ಲಾದರಾಜರು ಯಜ್ಞ ಮಾಡಿದ ಸ್ಥಳ ಅದೆಂಬುದೇ ಕಾರಣ. ಎಲ್ಲ ನಂಟನ್ನೂ ಬಿಟ್ಟ ಯತಿಗಳು ಈ ಒಂದು ಹಳೆಯ ನಂಟನ್ನು ಮಾತ್ರ ಹುಡುಕಿಕೊಂಡು ಬಂದರು. ಗ್ರಾಮದೇವತೆ ಮಂಚಾಲಮ್ಮನ ಅಪ್ಪಣೆ ಪಡೆದು ಅಲ್ಲಿ ನೆಲೆಸಿದರು. ಇಂದಿಗೂ ಮಂಚಾಲಮ್ಮನಿಗೆ ಕೈಮುಗಿದ ಮೇಲೆಯೇ ರಾಯರ ದರ್ಶನಕ್ಕೆ ಹೋಗುವುದು ಪದ್ಧತಿ.

1671ರ ವಿರೋಧಿಕೃತ್ ಸಂವತ್ಸರದ ಶ್ರಾವಣ ಬಹುಳ ಬಿದಿಗೆಯಂದು ರಾಯರು ಸಶರೀರರಾಗಿ ಬೃಂದಾವನ ಪ್ರವೇಶಿಸಿದರು. ಬಿಚ್ಚಾಲೆಯ ಅಪ್ಪಣ್ಣಾಚಾರ್ಯರು ಸುದ್ದಿ ಕೇಳಿ, ತುಂಬಿದ ತುಂಗಭದ್ರೆಯನ್ನು ದಾಟಿ, ಸ್ತೋತ್ರ ಪಠಿಸುತ್ತಾ ಓಡಿ ಬಂದಾಗ ಬೃಂದಾವನ ಮುಚ್ಚಿಹೋಗಿತ್ತು. ದುಃಖದಿಂದ ಗಂಟಲು ಕಟ್ಟಿ ನಿಂತ ಅವರ ಸ್ತೋತ್ರದ ಕೊನೆಯ ಅಕ್ಷರಗಳನ್ನು ಒಳಗಿನಿಂದ ರಾಯರೇ ಪೂರ್ಣ ಮಾಡಿದರೆಂಬ ನಂಬಿಕೆಯಿಂದ ಭಕ್ತರು ಇಂದಿಗೂ ಆ ಸ್ತೋತ್ರವನ್ನು ಪಾರಾಯಣ ಮಾಡುತ್ತಾರೆ. 2021ರಲ್ಲಿ ರಾಯರ 350ನೆಯ ಆರಾಧನೆ ನಡೆಯಿತು.

ತಿರುಗಿ ಬಂದ ಮನೆತನ

ರಾಯರ ನಂತರ ಪೀಠಕ್ಕೆ ಬಂದವರು ಶ್ರೀ ಯೋಗೀಂದ್ರತೀರ್ಥರು. ಅವರು ಪೂರ್ವಾಶ್ರಮದಲ್ಲಿ ಅಣ್ಣ ಗುರುರಾಜರ ವಂಶದವರು. ಅವರ ತರುವಾಯ ಬಂದ ಸೂರೀಂದ್ರತೀರ್ಥರು, ಸುಮತೀಂದ್ರತೀರ್ಥರು ಸಹ ಅದೇ ಕವಲಿನವರು. ತಮ್ಮನನ್ನು ತಂದೆಯಂತೆ ಸಾಕಿದ ಅಣ್ಣನ ಮನೆಗೆ ಹೀಗೆ ಪೀಠದ ಭಾಗ್ಯ ಬಂತು. ಅನ್ನವಿಟ್ಟು ಓದಿಸಿದ ಅಕ್ಕನ ಮನೆಗೆ ಚರಿತ್ರೆ ಬರೆಯುವ ಭಾಗ್ಯ ಬಂತು.

ಉಳಿದವನು ತಾಯಿ ತಂದೆ ಇಬ್ಬರನ್ನೂ ಏಕಕಾಲಕ್ಕೆ ಕಳೆದುಕೊಂಡ ಬಾಲಕ ಲಕ್ಷ್ಮೀನಾರಾಯಣ. ಅವನ ವಂಶವೂ ಬರಿದಾಗಲಿಲ್ಲ. 18ನೆಯ ಶತಮಾನದಲ್ಲಿ ಪೀಠವನ್ನು ಅಲಂಕರಿಸಿದ ಶ್ರೀ ವಾದೀಂದ್ರತೀರ್ಥರು ರಾಯರ ಪೂರ್ವಾಶ್ರಮದ ಮರಿಮೊಮ್ಮಗನೆಂದು ಮಠದ ಪರಂಪರೆ ಹೇಳುತ್ತದೆ. ರಾಯರ ಗ್ರಂಥಗಳ ಹಿರಿಮೆಯನ್ನು ಸ್ತುತಿಸುವ ‘ಗುರುಗುಣಸ್ತವನ’ವನ್ನು ರಚಿಸಿದವರು ಇವರೇ. ವೆಂಕಣ್ಣನು ರಾಯರಿಗೆಂದು ಮೊದಲು ಮಾಡಿಸಿದ ಬೃಂದಾವನವನ್ನು ರಾಯರು ತಮಗೆ ಬೇಡವೆಂದು, ಮುಂದೆ ಬರುವ ಒಬ್ಬರಿಗೆ ಇರಲೆಂದು ತೆಗೆದಿರಿಸಿದ್ದರಂತೆ. ಅದೇ ವಾದೀಂದ್ರರಿಗೆ ಉಪಯೋಗವಾಯಿತೆಂದು ಪ್ರತೀತಿ. ಮಂತ್ರಾಲಯದಲ್ಲಿ ರಾಯರ ಬೃಂದಾವನದ ಪಕ್ಕದಲ್ಲೇ ಇರುವುದು ಈ ವಾದೀಂದ್ರತೀರ್ಥರ ಬೃಂದಾವನ. ಅನೇಕ ಭಕ್ತರು ನೂರು ಸಲ ಪ್ರದಕ್ಷಿಣೆ ಮಾಡಿದ್ದರೂ ಪಕ್ಕದಲ್ಲಿರುವವರು ಯಾರೆಂದು ವಿಚಾರಿಸಿರುವುದಿಲ್ಲ. ಮುತ್ತಾತನೂ ಮರಿಮೊಮ್ಮಗನೂ ಅಲ್ಲಿ ಒಟ್ಟಿಗಿದ್ದಾರೆ. ಕುಂಭಕೋಣದ ಸೋರುವ ಮನೆಯಲ್ಲಿ ತಂದೆ ಬಿಟ್ಟುಬಂದ ಮಗನ ಕುಡಿ, ಮೂರು ತಲೆಮಾರಿನ ನಂತರ ತಂಗಭದ್ರೆಯ ತೀರಕ್ಕೆ ಬಂದು ಅವರ ಮಗ್ಗುಲಲ್ಲಿ ನೆಲೆಸಿತು.

ಕಾಲಾಂತರದಲ್ಲಿ ರಾಜ್ಯಗಳು ಬದಲಾದವು. 1800ರಲ್ಲಿ ನಿಜಾಮನಿಂದ ಈ ಸೀಮೆ ಕಂಪನಿ ಸರ್ಕಾರಕ್ಕೆ ಹೋಯಿತು. ಆಗ ಕಲೆಕ್ಟರಾಗಿದ್ದ ಥಾಮಸ್ ಮನ್ರೋ ಮಠದ ಇನಾಮಿನ ವಿಚಾರಣೆಗೆ ಬಂದು ರಾಯರೊಡನೆಯೇ ಮಾತನಾಡಿದನೆಂಬ ಕಥೆ ಮನೆಮನೆಯಲ್ಲೂ ಪ್ರಸಿದ್ಧ. ಬಳ್ಳಾರಿ ಜಿಲ್ಲೆಯಲ್ಲಿದ್ದ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು 1953ರ ಅಕ್ಟೋಬರ್ 1ರಂದು ಆಂಧ್ರಕ್ಕೆ ಸೇರಿದವು. 2009ರ ಅಕ್ಟೋಬರಿನಲ್ಲಿ ತುಂಗಭದ್ರೆ ಉಕ್ಕಿ ಮಂತ್ರಾಲಯವೇ ಜಲಾವೃತವಾಯಿತು. ಗಡಿ ಬದಲಾದರೂ, ಹೊಳೆ ಉಕ್ಕಿ ಇಳಿದರೂ ಗುರುವಾರದ ಜನ ಕಡಿಮೆಯಾಗಲಿಲ್ಲ. ಕನ್ನಡ, ತೆಲುಗು, ತಮಿಳು, ಮರಾಠಿ ಆಡುವವರೆಲ್ಲ ಅಲ್ಲಿ ಒಂದೇ ಸಾಲಿನಲ್ಲಿ ನಿಂತು ತೀರ್ಥ ಪಡೆಯುತ್ತಾರೆ.

ತಮ್ಮ ಹಿರಿಯರಲ್ಲಿ ದೊಡ್ಡವರೊಬ್ಬರು ಇದ್ದರೆಂದು ತಿಳಿದಾಗ ಯಾರಿಗಾದರೂ ಹಿಗ್ಗಾಗುವುದು ಸಹಜ. ಆದರೆ ರಾಜನಿಗೆ ವೀಣೆ ಕಲಿಸಿದ ಮುತ್ತಾತನ ಹೆಸರು ಹೇಳಿಕೊಂಡು ವೆಂಕಟನಾಥರು ಯಾರ ಬಾಗಿಲಿಗೂ ಹೋಗಲಿಲ್ಲ. ಹಸಿದಿದ್ದು ಓದಿದರು, ಕೇಳಿದವರಿಗೆ ಕಲಿಸಿದರು. ಹಿರಿಯರ ಹೆಸರು ಕೂತು ತಿನ್ನುವ ಗಂಟಲ್ಲ, ನಡೆದು ತೀರಿಸಬೇಕಾದ ಸಾಲ ಎಂಬುದನ್ನು ಅವರು ಬಾಳಿ ತೋರಿಸಿದರು. ಪ್ರತಿಯೊಂದು ಮನೆಯಲ್ಲೂ ಹಿರಿಯರು ಬದುಕಿರುವಾಗಲೇ ಅವರಿಂದ ಹಿಂದಿನವರ ಹೆಸರುಗಳನ್ನು ಕೇಳಿ ಬರೆದಿಡುವುದು ಒಳ್ಳೆಯದು. ಗಂಡಸರ ಹೆಸರಿನ ಜೊತೆಗೆ ಹೆಣ್ಣುಮಕ್ಕಳ ಹೆಸರನ್ನೂ ಬರೆಯಬೇಕು. ವೆಂಕಟಾಂಬೆಯ ಮಗ ಬರೆಯದಿದ್ದರೆ ಗೋಪಿಕಾಂಬೆ, ಸರಸ್ವತಿಯವರ ಹೆಸರು ಲೋಕಕ್ಕೆ ಎಲ್ಲಿಂದ ತಿಳಿಯುತ್ತಿತ್ತು?

ಬೇಡಿದವರಿಗೆ ಕಲ್ಪವೃಕ್ಷವಾಗಿ, ನಂಬಿದವರಿಗೆ ಕಾಮಧೇನುವಾಗಿ ಮಂಚಾಲೆಯಲ್ಲಿ ನೆಲೆಸಿರುವ ಶ್ರೀ ಗುರುಸಾರ್ವಭೌಮರು ಉತ್ಸವಕ್ಕೆ ಬಂದ ಸಕಲ ಭಕ್ತರಿಗೂ ಅವರ ಮನೆತನಗಳಿಗೂ ಆಯುರಾರೋಗ್ಯ, ಜ್ಞಾನ, ಭಕ್ತಿಗಳನ್ನು ಕರುಣಿಸಲಿ.

ಶ್ರೀ ಕೃಷ್ಣಾರ್ಪಣಮಸ್ತು.